ಪೆಟ್ರೋಲ್ ರಿಕ್ಷಾ, ಬ್ಯಾಟರಿ ರಿಕ್ಷಾ: ಬದಲಾವಣೆಯ ಖರ್ಚು ಯಾರ ತಲೆಗೆ?

ಬ್ರಹ್ಮಾವರದಿಂದ ಶಿರೂರು ತನಕ ಯಾವ ರಿಕ್ಷಾ ಸ್ಟ್ಯಾಂಡಿನಲ್ಲಿ ನಿಂತರೂ ಈಗ ಒಂದೇ ಪ್ರಶ್ನೆ. ಪೆಟ್ರೋಲ್ ಗಾಡಿಯನ್ನು ಸರಕಾರ ಬಂದ್ ಮಾಡುತ್ತದಾ? ಇರುವುದನ್ನು ಮಾರಿ ಬ್ಯಾಟರಿಯದ್ದು ತೆಗೆಯಬೇಕಾ? ನಮ್ಮ ಸಮುದಾಯದಲ್ಲಿ ರಿಕ್ಷಾ, ಗೂಡ್ಸ್ ಟೆಂಪೋ, ಮೀನು ಸಾಗಾಟ, ಗ್ಯಾರೇಜು ಇವುಗಳನ್ನೇ ನಂಬಿದ ಮನೆಗಳು ಬಹಳ. ಹಾಗಾಗಿ ಈ ವಿಷಯವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲು ಕಾನೂನಿನ ಮಾತು. ಪೆಟ್ರೋಲ್, ಡೀಸೆಲ್ ವಾಹನ ಮಾರಬಾರದು ಎಂಬ ಕಾನೂನು ದೇಶದಲ್ಲಿ ಬಂದಿಲ್ಲ. ಬರುತ್ತದೆ ಎಂಬ ಹೆದರಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. 2017ರಲ್ಲಿ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ಬದಲಾಗದ ಕಾರು ಕಂಪೆನಿಗಳಿಗೆ ಬಹಿರಂಗವಾಗಿಯೇ ಎಚ್ಚರಿಕೆ ಕೊಟ್ಟಿದ್ದರು. 2019ರಲ್ಲಿ ನೀತಿ ಆಯೋಗವು 2023ರಿಂದ ಮೂರು ಚಕ್ರದ ವಾಹನಗಳು, 2025ರಿಂದ 150 ಸಿಸಿ ಒಳಗಿನ ಬೈಕುಗಳು ವಿದ್ಯುತ್‌ನವೇ ಆಗಬೇಕೆಂದು ಪ್ರಸ್ತಾವ ಇಟ್ಟಿತ್ತು. ಬಜಾಜ್, ಹೀರೊ, ಟಿವಿಎಸ್ ಕಂಪೆನಿಗಳು ಬಲವಾಗಿ ವಿರೋಧಿಸಿದವು, ಪ್ರಸ್ತಾವ ಅಲ್ಲಿಗೇ ನಿಂತಿತು. ಈಗ ಉಳಿದಿರುವುದು 2030ಕ್ಕೆ ಹೊಸ ವಾಹನಗಳಲ್ಲಿ ಶೇ. 30 ವಿದ್ಯುತ್ ಆಗಬೇಕೆಂಬ ಗುರಿ ಮಾತ್ರ.

ಆದರೆ ಆದೇಶ ಇಲ್ಲದಿದ್ದರೂ ಒತ್ತಡ ಇದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆ ಬ್ಯಾಟರಿ ರಿಕ್ಷಾಕ್ಕೆ ಮೊದಲ ಹಂತದಲ್ಲಿ 50 ಸಾವಿರದವರೆಗೆ, ಎರಡನೇ ಹಂತದಲ್ಲಿ 25 ಸಾವಿರದವರೆಗೆ ಸಬ್ಸಿಡಿ ಇಟ್ಟಿತು. ಸಬ್ಸಿಡಿ ಇಳಿಯುತ್ತಾ ಹೋಗುವ ಹಾಗೆಯೇ ಯೋಜನೆ ಮಾಡಿದ್ದು. ಕೈಯಲ್ಲಿ ದುಡ್ಡಿದ್ದು ಬೇಗ ತೆಗೆದವನಿಗೆ ಹೆಚ್ಚು, ಯೋಚಿಸಿ ನಿಧಾನಕ್ಕೆ ಬಂದವನಿಗೆ ಕಡಿಮೆ.

ಅದಕ್ಕಿಂತ ದೊಡ್ಡ ವಿಷಯ ಪರ್ಮಿಟ್‌ನದ್ದು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಬ್ಯಾಟರಿಯಿಂದ ಓಡುವ ಬಾಡಿಗೆ ವಾಹನಗಳಿಗೆ ಪರ್ಮಿಟ್ ಬೇಡ ಎಂದು ವಿನಾಯಿತಿ ಕೊಟ್ಟಿತು. ಪೆಟ್ರೋಲ್ ರಿಕ್ಷಾದವನಿಗೆ ಪರ್ಮಿಟ್ ಬೇಕು, ತನ್ನ ವಲಯ ಬಿಟ್ಟು ಬಾಡಿಗೆ ಹಿಡಿಯುವಂತಿಲ್ಲ. "ನಾವು ಪರ್ಮಿಟ್ ಮಾಡಿ, ಸ್ಟ್ಯಾಂಡಲ್ಲಿ ಪಾಳಿ ಕಾದು ನಿಲ್ಲುದು, ಅವ ಎಲ್ಲಿಂದಲೋ ಬಂದು ಬಾಡಿಗೆ ತಕೊಂಡು ಹೋಗುದಾ?" ಎಂಬ ಸಿಟ್ಟು ಅಲ್ಲಿಂದ ಬಂದದ್ದು. ಮಂಗಳೂರಿನಲ್ಲಿ ರಿಕ್ಷಾ ಚಾಲಕರ ಸಂಘಗಳು ಪ್ರತಿಭಟನೆಗೆ ಇಳಿದದ್ದೂ ಇದೇ ವಿಷಯಕ್ಕೆ. ಇತ್ತ ಬ್ಯಾಟರಿ ರಿಕ್ಷಾದವನೂ ಸಾಲ ಮಾಡಿಯೇ ಬಂದವನು, ಕಾನೂನು ಕೊಟ್ಟ ಅವಕಾಶವನ್ನು ಬಳಸಿದ್ದಾನೆ ಅಷ್ಟೆ. ಒಂದೇ ಸ್ಟ್ಯಾಂಡಿನ, ಕೆಲವೊಮ್ಮೆ ಒಂದೇ ಜಮಾಅತ್‌ನ ಇಬ್ಬರು ಎದುರುಬದುರು ನಿಲ್ಲುವ ಹಾಗೆ ಮಾಡಿದ್ದು ಈ ನಿಯಮ. ಇದರಲ್ಲಿ ಚಾಲಕರ ತಪ್ಪಿಲ್ಲ.

ಇನ್ನು ಮನೆ ಲೆಕ್ಕ. ದಿನಕ್ಕೆ 100 ಕಿ.ಮೀ. ಓಡುವ ರಿಕ್ಷಾ ಎಂದಿಟ್ಟುಕೊಳ್ಳಿ. ಲೀಟರಿಗೆ 30 ಕಿ.ಮೀ. ಕೊಟ್ಟರೂ, ಪೆಟ್ರೋಲ್ 102 ರೂ. ಎಂದು ಹಿಡಿದರೂ ದಿನಕ್ಕೆ 340 ರೂ. ಬೇಕು. ತಿಂಗಳಿಗೆ 25 ದಿನ ದುಡಿದರೆ 8,500 ರೂ. ಅಷ್ಟೇ ದೂರಕ್ಕೆ ಬ್ಯಾಟರಿ ರಿಕ್ಷಾ ಸುಮಾರು 8 ಯೂನಿಟ್ ಕರೆಂಟ್ ಕುಡಿಯುತ್ತದೆ. ತಿಂಗಳಿಗೆ 200 ಯೂನಿಟ್.

ಈ 200 ಎಂಬ ಸಂಖ್ಯೆಯನ್ನು ಗಮನಿಸಬೇಕು. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ರಿಕ್ಷಾವನ್ನು ಮನೆ ಮೀಟರಿಗೆ ಚುಚ್ಚಿದರೆ ಇಲ್ಲಿಯವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು, ಮನೆಯ 80 ಯೂನಿಟ್ ಮತ್ತು ನಿಗದಿತ ಶುಲ್ಕ ಸೇರಿ 2,000 ರೂ. ಆಸುಪಾಸು ಬರಬಹುದು. ಶೋರೂಮಿನಲ್ಲಿ ಈ ಮಾತು ಹೇಳುವವರು ಕಡಿಮೆ. ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಮೀಟರ್ ಕೇಳಲು ಅವಕಾಶ ಇದೆ. ಗಾಡಿ ಬುಕ್ ಮಾಡುವ ಮೊದಲೇ ಮೆಸ್ಕಾಂ ಕಚೇರಿಗೆ ಹೋಗಿ ವಿಚಾರಿಸಿಕೊಳ್ಳಿ.

2,000 ಕಳೆದರೂ ತಿಂಗಳಿಗೆ 6,500 ರೂ. ಉಳಿಯಿತು. ಹಾಗಾದರೆ ಎಲ್ಲರೂ ಯಾಕೆ ಬದಲಾಯಿಸುವುದಿಲ್ಲ? ಉತ್ತರ ಬೆಲೆಯಲ್ಲಿದೆ. ಬ್ಯಾಟರಿ ರಿಕ್ಷಾಕ್ಕೆ ಮೂರರಿಂದ ನಾಲ್ಕು ಲಕ್ಷ ಬೇಕು. 3 ಲಕ್ಷ ಸಾಲವನ್ನು ಶೇ. 12ರ ಬಡ್ಡಿಗೆ 4 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 7,900 ರೂ. ಪೆಟ್ರೋಲ್‌ನಲ್ಲಿ ಉಳಿದ ದುಡ್ಡು ಪೂರ್ತಿ ಹೋಗಿ ಮತ್ತೆ 1,400 ರೂ. ಕೈಯಿಂದ ಹಾಕಬೇಕು. ನಾಲ್ಕು ವರ್ಷದಲ್ಲಿ ಬಡ್ಡಿಯೇ 79 ಸಾವಿರದ ಹತ್ತಿರ. ಅದೇ 3 ಲಕ್ಷ ಬಡ್ಡಿ ಇಲ್ಲದೆ ಸಿಕ್ಕಿದರೆ ಕಂತು 6,250 ರೂ. ಉಳಿತಾಯದಿಂದಲೇ ಕಟ್ಟಿ ಮುಗಿಸಬಹುದು. ಬ್ಯಾಟರಿ ಬದಲಿಸುವ ಕಾಲಕ್ಕೆ ಲಕ್ಷ ರೂ. ದಾಟುವ ಖರ್ಚು ಬರಬಹುದು, ಅದಕ್ಕೆ ಹಳೆ ರಿಕ್ಷಾ ಮಾರಿದ ದುಡ್ಡನ್ನು ಮುಟ್ಟದೆ ಇಡಬೇಕು.

ಅಂದರೆ ಈ ಬದಲಾವಣೆ ಬಡ ಚಾಲಕನಿಗೆ ಗಿಟ್ಟುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬ್ಯಾಟರಿಗಿಂತ ಹೆಚ್ಚಾಗಿ ಬಡ್ಡಿ. ಬಡ್ಡಿ ಹರಾಮ್ ಎಂದು ನಾವು ಜುಮಾದಲ್ಲಿ ಕೇಳುತ್ತೇವೆ, ಆದರೆ ಫೈನಾನ್ಸಿನವರ ಬಾಗಿಲು ಬಿಟ್ಟರೆ ಬೇರೆ ಬಾಗಿಲನ್ನು ನಮ್ಮ ಹುಡುಗರಿಗೆ ತೋರಿಸಿದ್ದೇವಾ?

ಸರಕಾರದ ಕಡೆಯಿಂದ ಒಂದು ದಾರಿ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಟ್ಯಾಕ್ಸಿ, ಗೂಡ್ಸ್ ವಾಹನಕ್ಕೆ ಬೆಲೆಯ ಶೇ. 50, ಗರಿಷ್ಠ 3 ಲಕ್ಷ ರೂ. ತನಕ ಸಹಾಯಧನ ಇದೆ. ಉಳಿದ ಅರ್ಧಕ್ಕೆ ಬ್ಯಾಂಕ್ ಸಾಲ. ಅರ್ಜಿ ಹಾಕಿದವರಿಗೆಲ್ಲ ಸಿಗುವುದೂ ಇಲ್ಲ.

ಕಡಲಿನ ಕಡೆ ನೋಡಿದರೆ ಇನ್ನೊಂದು ಪಾಠ ಸಿಗುತ್ತದೆ. ಗಂಗೊಳ್ಳಿ, ಮರವಂತೆ, ಉಪ್ಪುಂದದ ನಾಡದೋಣಿಗಳಿಗೆ ಬ್ಯಾಟರಿಯ ಮಾತು ಇನ್ನೂ ದೂರ. ಅಲ್ಲಿ ಸೀಮೆಎಣ್ಣೆಯದ್ದೇ ಕಷ್ಟ. ರಾಜ್ಯದ 2023-24ರ ಬಜೆಟ್ ಸೀಮೆಎಣ್ಣೆ ಎಂಜಿನ್ ತೆಗೆದು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಲು ದೋಣಿಗೆ ತಲಾ 50 ಸಾವಿರ ರೂ. ಘೋಷಿಸಿತ್ತು. ಒಂದು ಎಣ್ಣೆಯಿಂದ ಇನ್ನೊಂದು ಎಣ್ಣೆಗೆ ಹೋದ ಹಾಗಾಯಿತು, ನಿಜ. ಆದರೆ ಹಳೆಯದನ್ನು ಬಿಡುವವನಿಗೆ ನೆರವು ಕೊಡಬೇಕೆಂಬ ತತ್ವವನ್ನು ಸರಕಾರ ಅಲ್ಲಿ ಒಪ್ಪಿಕೊಂಡಿದೆ. ಅದೇ ತತ್ವ ಪರ್ಮಿಟ್ ಇರುವ ಪೆಟ್ರೋಲ್ ರಿಕ್ಷಾಕ್ಕೂ ಬರಬೇಕು. ಹಳೆಯ ಗಾಡಿ ಒಪ್ಪಿಸಿ ಬ್ಯಾಟರಿಯದ್ದು ತೆಗೆಯುವವನಿಗೆ ಮೊದಲ ಆದ್ಯತೆ, ಹೆಚ್ಚಿನ ಸಬ್ಸಿಡಿ ಸಿಗಬೇಕು. ಆಗ ಸ್ಟ್ಯಾಂಡಿನಲ್ಲಿ ಗಾಡಿಗಳ ಸಂಖ್ಯೆ ಏರುವುದಿಲ್ಲ, ಜಗಳವೂ ಅರ್ಧ ಕಡಿಮೆಯಾದೀತು.

"ಕರೆಂಟ್ ಆದರೂ ಕಲ್ಲಿದ್ದಲಿನದ್ದೇ ಅಲ್ದಾ?" ಎಂದು ಕೇಳುವವರಿದ್ದಾರೆ. ಅರ್ಧ ಸರಿ. ನಮ್ಮ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇದೆ, ಅದರ ಬೂದಿ, ಹೊಗೆಯ ತೊಂದರೆಯನ್ನು ಸುತ್ತಲಿನವರು ವರ್ಷಗಳಿಂದ ಹೇಳುತ್ತಿದ್ದಾರೆ. ಅದೇ ಜಿಲ್ಲೆಯ ಹೊಸಂಗಡಿಯಲ್ಲಿ ವಾರಾಹಿಯ ನೀರಿನಿಂದ 460 ಮೆಗಾವಾಟ್ ತಯಾರಿಸುವ ಸ್ಥಾವರವೂ ಇದೆ. ಕರೆಂಟನ್ನು ನೀರಿನಿಂದ, ಬಿಸಿಲಿನಿಂದ ಮಾಡಬಹುದು. ಪೆಟ್ರೋಲನ್ನು ಮಾತ್ರ ಹೊರದೇಶದಿಂದಲೇ ತರಬೇಕು: ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಆಮದು.

ಆ ತೈಲ ಬರುವ ನಾಡುಗಳಲ್ಲೇ ನಮ್ಮ ಮಕ್ಕಳು ದುಡಿಯುತ್ತಿರುವುದು. ಹಾಗಾಗಿ ಈ ಬದಲಾವಣೆ ನಮ್ಮ ಮನೆಗಳಿಗೆ ಎರಡು ಕಡೆಯಿಂದ ತಟ್ಟುತ್ತದೆ. ಸೌದಿ ಅರೇಬಿಯಾ 2016ರಲ್ಲೇ ತೈಲದ ಮೇಲಿನ ಅವಲಂಬನೆ ಕಡಿಮೆ ಮಾಡುವ ವಿಷನ್ 2030 ಪ್ರಕಟಿಸಿತು. 2023ರಲ್ಲಿ ಅಲ್ಲಿ ಲೂಸಿಡ್ ಕಂಪೆನಿಯ ವಿದ್ಯುತ್ ಕಾರು ಕಾರ್ಖಾನೆ ತೆರೆಯಿತು. ಅದೇ ವರ್ಷ ದುಬೈಯಲ್ಲಿ ನಡೆದ ಹವಾಮಾನ ಸಮ್ಮೇಳನ ತೈಲ, ಕಲ್ಲಿದ್ದಲಿನಿಂದ ದೂರ ಸರಿಯುವ ಮಾತನ್ನು ಒಪ್ಪಿತು. ನಾಳೆಯೇ ಕೆಲಸ ಹೋಗುತ್ತದೆ ಎಂದಲ್ಲ. ಆದರೆ ತೈಲ ಮಾರುವವರೇ ತಯಾರಿ ಮಾಡುತ್ತಿರುವಾಗ ತೈಲದ ದುಡ್ಡಿನಲ್ಲಿ ಮನೆ ಕಟ್ಟಿದ ನಾವು ಸುಮ್ಮನೆ ಕೂರುವುದು ಬುದ್ಧಿವಂತಿಕೆ ಅಲ್ಲ.

ಜಮಾಅತ್‌ಗಳು ಮಾಡಬಹುದಾದ ಕೆಲಸ ಇದೆ. ಗಲ್ಫ್ ಘಟಕಗಳು ಊರಿನ ಮಸೀದಿ, ಮದ್ರಸಕ್ಕೆ, ಮದುವೆಗೆ, ಆಸ್ಪತ್ರೆ ಖರ್ಚಿಗೆ ಧಾರಾಳ ಕೊಡುತ್ತಾ ಬಂದಿವೆ. ಅದರ ಜೊತೆ ವಾಹನಕ್ಕೆಂದೇ ಒಂದು ಖರ್ಝೆ ಹಸನ್ ನಿಧಿ ಮಾಡಲಿ. 15 ಲಕ್ಷ ಇದ್ದರೆ ಐದು ಜನರಿಗೆ ಗಾಡಿ ಆಯಿತು, ಅವರು ಕಟ್ಟುವ ಕಂತು ತಿಂಗಳಿಗೆ 31 ಸಾವಿರ ವಾಪಸ್ ಬರುತ್ತದೆ, ಹತ್ತು ತಿಂಗಳಲ್ಲಿ ಆರನೆಯವನಿಗೂ ಆಯಿತು. ಇಬ್ಬರ ಜಾಮೀನು, ಬರಹದಲ್ಲಿ ಕರಾರು, ವರ್ಷಕ್ಕೊಮ್ಮೆ ಲೆಕ್ಕಪತ್ರ ಇರಲೇಬೇಕು. ನಿಧಿಗಳು ಮುಳುಗುವುದು ದುಡ್ಡಿನ ಕೊರತೆಗಿಂತ ಲೆಕ್ಕದ ಕೊರತೆಯಿಂದ. ಮಸೀದಿಯ ಮಾಡಿಗೆ ಸೋಲಾರ್ ಹಾಕಿ ಅಂಗಳದಲ್ಲಿ ಚಾರ್ಜಿಂಗ್ ಇಟ್ಟರೆ ಲುಹರ್ ಹೊತ್ತಿಗೆ ರಿಕ್ಷಾವೂ ಚಾರ್ಜ್ ಆಗುತ್ತದೆ, ಯಾವ ಧರ್ಮದ ಚಾಲಕ ಬಂದರೂ ಉಪಯೋಗ. ಗ್ಯಾರೇಜಿನ ಹುಡುಗರಿಗೆ ಮೋಟಾರ್, ಬ್ಯಾಟರಿ ಕೆಲಸದ ತರಬೇತಿ ಕೊಡಿಸುವುದೂ ಇದರ ಭಾಗವೇ. ಎಂಜಿನ್ ಇಲ್ಲದ ಗಾಡಿಗೆ ಎಂಜಿನ್ ಆಯಿಲ್ ಬದಲಿಸುವ ಕೆಲಸ ಇರುವುದಿಲ್ಲ.

ಹಳೆಯ ಸಾಲ ಇನ್ನೂ ಬಾಕಿ ಇರುವವರು ಅವಸರ ಮಾಡುವ ಅಗತ್ಯ ಇಲ್ಲ. ಇರುವ ಗಾಡಿಯನ್ನು ದುಡಿಸಿ, ಮೊದಲು ಆ ಸಾಲ ಮುಗಿಸಿ. ಜಮಾಅತ್‌ನ ಮುಂದಿನ ಮಹಾಸಭೆಯಲ್ಲಿ ಮಾತ್ರ ಈ ನಿಧಿಯ ವಿಷಯವನ್ನು ಎತ್ತದೆ ಬಿಡಬೇಡಿ.