ಇಸುಬಿಗೆ ಮುಲಾಮು ಮಾತ್ರ ಸಾಲದು



ಆಲೂರು ಕಡೆಯ ಹಿರಿಯ ರೈತರೊಬ್ಬರು ಮುಸುಕಿನ ಜೋಳದ ಕಳೆಯ ಬಗ್ಗೆ ಕೇಳಲು ನನ್ನಲ್ಲಿಗೆ ಬಂದಿದ್ದರು. ಅವರ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಸಂದಿಗಳ ಚರ್ಮ ಕಪ್ಪಾಗಿ, ದಪ್ಪಗಾಗಿ ಬಿರಿದಿತ್ತು. ನವೆಯಿಂದ ರಾತ್ರಿ ನಿದ್ದೆಯಿರಲಿಲ್ಲ. ರಕ್ತ ಕೆಟ್ಟಿದೆ ಎಂದು ಯಾರೋ ಹೇಳಿದ್ದರಿಂದ ಬದನೆಕಾಯಿ, ಮೀನು ಬಿಟ್ಟು ಎರಡು ವರ್ಷವಾಗಿತ್ತು. ಅಂಗಡಿಯ ಮುಲಾಮು ಹಚ್ಚಿದರೆ ಇಳಿಯುವುದು, ಬಿಟ್ಟರೆ ಏರುವುದು. ಮಂಗಳೂರಿನ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದರೆ ಎಷ್ಟೋ ವಾಸಿ, ಊರಿಗೆ ಬಂದು ಹೊಲಕ್ಕಿಳಿದರೆ ಮೂರೇ ದಿನಕ್ಕೆ ಮತ್ತೆ ಶುರು ಎಂದರು. “ಜಮೀನು ವಾರಕ್ಕೆ ಕೊಟ್ಟುಬಿಡೋಣ ಅಂತಿದ್ದೀನಿ ಸಾರ್” ಎಂದು ತಲೆ ತಗ್ಗಿಸಿದರು.

ಹೊಲದ ಬದುವಿನಲ್ಲಿ ಏನಿದೆ ಎಂದು ಕೇಳಿದೆ. ಸೊಂಟದೆತ್ತರ ಕಾಂಗ್ರೆಸ್ ಗಿಡ ಎಂದರು. ಚರ್ಮರೋಗ ತಜ್ಞರಲ್ಲಿಗೆ ಕಳುಹಿಸಿದೆ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಅದೇ ಗಿಡ ಕಾರಣವೆಂದು ತಿಳಿಯಿತು.

ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಈ ಕಳೆಯಿಂದ ಇಳುವರಿಗೆ ಎಷ್ಟು ನಷ್ಟ ಎಂಬುದನ್ನೇ ವರ್ಷಗಟ್ಟಲೆ ನಿಮಗೆ ಹೇಳುತ್ತ ಬಂದೆ. ಕಳೆಯ ಹಾನಿಯನ್ನು ಕ್ವಿಂಟಲಿನಲ್ಲಿ ಅಳೆದೆವು, ರೈತನ ಮೈಮೇಲೆ ಅಳೆಯಲಿಲ್ಲ. ಆ ತಪ್ಪಿನಲ್ಲಿ ನನಗೂ ಪಾಲಿದೆ.

ಇದು ಆಗುವ ಬಗೆಯನ್ನು ಗಮನಿಸಿ. ಪಾರ್ಥೇನಿಯಂ ಗಿಡದ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಸ್ತುವಿದೆ. ಗಿಡ ಒಣಗಿದಾಗ ಈ ರೋಮಗಳೂ ಎಲೆಯ ಪುಡಿಯೂ ಧೂಳಿನೊಡನೆ ಗಾಳಿಯಲ್ಲಿ ತೇಲಿ ಬಂದು, ಬಟ್ಟೆ ಮುಚ್ಚದ ಮುಖ, ಕತ್ತು, ಕೈಗಳ ಮೇಲೆ ಕೂರುತ್ತವೆ. ಬೆವರು ನಿಲ್ಲುವ ಸಂದಿಗಳಲ್ಲಿ ಸೇರುತ್ತವೆ. ಮೊದಲ ಸಲ ಮುಟ್ಟಿದಾಗ ಏನೂ ಆಗದಿರಬಹುದು. ವರ್ಷಗಟ್ಟಲೆ ಒಡನಾಟವಾದ ಮೇಲೆ ಕೆಲವರ ಮೈ ಅದನ್ನು ಒಗ್ಗದ ವಸ್ತುವೆಂದು ಗುರುತಿಸುತ್ತದೆ; ಆಮೇಲೆ ಚಿಟಿಕೆ ಧೂಳೂ ಸಾಕು. ಅಂಥವರಿಗೆ ಅದೇ ಕುಟುಂಬದ ಸೇವಂತಿಗೆ, ಸೂರ್ಯಕಾಂತಿಗಳೂ ಆಗದೇ ಇರಬಹುದು.

ಈ ಕಳೆಯ ಹಾವಳಿ ನಮಗೆ ಹೊಸದಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಕಳೆ ಬೇಗನೆ ಕರ್ನಾಟಕವನ್ನು ಹೊಕ್ಕಿತು. 1975ರಲ್ಲಿ ನಮ್ಮ ಸರ್ಕಾರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯಡಿ ಇದನ್ನು ಪೀಡಕ ಕಳೆಯೆಂದು ಘೋಷಿಸಿತು. 1983ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮೆಕ್ಸಿಕೋದಿಂದ ಎಲೆ ತಿನ್ನುವ ದುಂಬಿಯನ್ನು ತರಿಸಿ ಮರುವರ್ಷ ಬಿಡುಗಡೆ ಮಾಡಿತು. 1997ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಇದರ ಬಗ್ಗೆಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆದರೂ ಕಳೆ ರಸ್ತೆಯ ಅಂಚಿನಲ್ಲಿದೆ. ಕಾಫಿ ತೋಟದ ನೆರಳಿನೊಳಗೆ ಅದು ಅಷ್ಟಾಗಿ ಬೆಳೆಯದು. ಸಕಲೇಶಪುರದಲ್ಲಾಗಲಿ ಆಲೂರಿನಲ್ಲಾಗಲಿ ಮಣ್ಣು ಅಗೆದು ಬಯಲಾದ ಕಡೆ ಮಾತ್ರ ತಪ್ಪದೆ ಹುಟ್ಟುತ್ತದೆ.

ಗಾಳಿಯಲ್ಲಿ ಬರುವುದು ಕಳೆಯ ಧೂಳೊಂದೇ ಅಲ್ಲ. 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 2 ಲಕ್ಷ 86 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯದ ವಿವರಗಳನ್ನು ಪರಿಶೀಲಿಸಿತು. ಘನ ಮೀಟರ್ ಗಾಳಿಯಲ್ಲಿ ಅತಿಸೂಕ್ಷ್ಮ ಕಣಗಳು 10 ಮೈಕ್ರೋಗ್ರಾಂ ಹೆಚ್ಚಿದ್ದ ಕಡೆ ಇಸುಬಿನ ಸಂಭವ ಎರಡು ಪಟ್ಟಿಗೂ ಮಿಕ್ಕಿತ್ತು. ಇದು ಸಂಬಂಧವನ್ನು ತೋರಿಸುತ್ತದೆ, ಅಷ್ಟರಿಂದಲೇ ಕಾರಣ ಸಿದ್ಧವಾಗದು. ಆದರೆ ಡೀಸೆಲ್ ಹೊಗೆಯ ಕಣಗಳು ಚರ್ಮದೊಳಗೆ ನವೆಯ ನರಗಳು ಬೆಳೆಯುವಂತೆ ಮಾಡುತ್ತವೆ ಎಂದು ಜಪಾನಿನ ವಿಜ್ಞಾನಿಗಳು 2017ರಲ್ಲಿ ಇಲಿಗಳಲ್ಲಿ ಕಂಡಿದ್ದಾರೆ. ಶಿರಾಡಿ ಘಾಟಿಗೆ ಸಾಗುವ ಲಾರಿಗಳ ಹೊಗೆ, ಸೌದೆ ಒಲೆಯ ಹೊಗೆ, ಕಸ ಸುಡುವ ಹೊಗೆ, ಇವು ನಮ್ಮಲ್ಲೂ ಇವೆ. ಆದುದರಿಂದ ಕಿತ್ತ ಪಾರ್ಥೇನಿಯಂ ಗಿಡವನ್ನು ಒಣಗಿಸಿ ಸುಡುವ ಪದ್ಧತಿಯನ್ನು ಕೈಬಿಡಬೇಕು. ಹಾಗೆ ಮಾಡಿದರೆ ಪುಡಿಯನ್ನೂ ಹೊಗೆಯನ್ನೂ ನಾವೇ ಗಾಳಿಗೆ ಬಿಟ್ಟಂತೆ.

ಇಸುಬು ವೈದ್ಯರ ಕೆಲಸ, ಕಳೆ ರೈತನ ಕೆಲಸ ಎಂದು ಬೇರೆ ಮಾಡಿದ್ದೇ ತಪ್ಪೆಂಬುದು ನನ್ನ ಅಭಿಪ್ರಾಯ. ಮೈಮೇಲಿನ ಇಸುಬಿಗೆ ಬೇರು ಬದುವಿನಲ್ಲಿದ್ದರೆ ಮುಲಾಮು ಎಷ್ಟು ದಿನ ತಡೆದೀತು?

ಕೂಲಿಯಾಳು ಸಿಗದ ಕಾಲದಲ್ಲಿ ಕೀಳುವವರು ಯಾರು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಹೊತ್ತು ನೋಡಿ ಕೀಳಬೇಕು. ಈ ಗಿಡ ಹುಟ್ಟಿದ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆಗಸ್ಟಿನ ಪಾರ್ಥೇನಿಯಂ ಜಾಗೃತಿ ಸಪ್ತಾಹಕ್ಕೆ ಕಾದರೆ ಮೊದಲ ಮಳೆಯ ಗಿಡ ಬೀಜ ಚೆಲ್ಲಿ ಮುಗಿಸಿರುತ್ತದೆ. ಭರಣಿ ಮಳೆಗೆ ಹುಟ್ಟಿದ್ದನ್ನು ರೋಹಿಣಿಯೊಳಗೆ, ಮಣ್ಣು ಹಸಿಯಿರುವಾಗ, ಬೇರುಸಹಿತ ಕೀಳಿರಿ. ಹಸ್ತ, ಚಿತ್ತೆಯ ಹೊತ್ತಿಗೆ ಮತ್ತೊಮ್ಮೆ ನೋಡಿರಿ. ಹೂವಿಲ್ಲದ ಗಿಡ ಗೊಬ್ಬರದ ಗುಂಡಿಗೆ ಸಲ್ಲುತ್ತದೆ. ಬೆಳೆಯಿಲ್ಲದ ಜಾಗದಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡಿಗೆ ಉಪ್ಪು ಕರಗಿಸಿ ಸಿಂಪಡಿಸಬಹುದು. ಕಿತ್ತ ಕಡೆ ತಗಚೆ ಬೀಜ ಚೆಲ್ಲಿದರೆ ಕಳೆ ಮರಳಿ ಏಳುವುದು ಕಡಿಮೆ. ದುಂಬಿ ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗುವುದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಕೀಳುವವರು ತುಂಬು ತೋಳಿನ ಅಂಗಿ, ಕೈಗವಸು ಧರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಈಗಾಗಲೇ ನವೆಯಿರುವವರು ಈ ಕೆಲಸಕ್ಕೆ ಇಳಿಯಕೂಡದು. ಎಲ್ಲ ಇಸುಬಿಗೂ ಈ ಗಿಡವೇ ಕಾರಣವಲ್ಲ; ಸಾಬೂನು, ಔಷಧಿ ಸಿಂಪರಣೆ, ಬೂಷ್ಟು ಹೀಗೆ ಬೇರೆ ಕಾರಣಗಳೂ ಇವೆ. ಅಂಗಡಿಯವರನ್ನು ಕೇಳಿ ಸ್ಟೀರಾಯ್ಡ್ ಮುಲಾಮು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ತಜ್ಞರಿಂದ ಪರೀಕ್ಷೆ ಮಾಡಿಸಿಕೊಳ್ಳುವುದೇ ಒಳಿತು.

ಕೊನೆಯದಾಗಿ ಒಂದು ಮಾತು. ನಿಮ್ಮ ಹೊಲ ಶುಚಿಯಾಗಿದ್ದು ರಸ್ತೆಯಂಚು ಹಾಗೇ ಇದ್ದರೆ ಫಲವಿಲ್ಲ. ಗಾಳಿಗೆ ಸರ್ವೆ ನಂಬರು ಗೊತ್ತಿಲ್ಲ. ರಸ್ತೆಯಂಚು, ಶಾಲೆಯ ಬಯಲು, ಕೆರೆ ಏರಿಗಳನ್ನು ರೋಹಿಣಿಗೆ ಮುಂಚೆ ಶುಚಿ ಮಾಡಿಸುವಂತೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಆ ಹಿರಿಯರು ಜಮೀನನ್ನು ವಾರಕ್ಕೆ ಕೊಡಲಿಲ್ಲ. ಅವರ ಬದುವನ್ನು ನೆರೆಯವರು ಶುಚಿ ಮಾಡಿಕೊಟ್ಟರು, ವೈದ್ಯರು ಚಿಕಿತ್ಸೆ ಕೊಟ್ಟರು. ನವೆ ಪೂರ್ತಿ ಹೋಗಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿದೆ ಎಂದು ಹೇಳಿಕಳುಹಿಸಿದ್ದಾರೆ.