ಪಾಲಾರಿನ ಪೋಡಿಗೆ ಬೆಳವಣಿಗೆ ಎಂದರೇನು?

ನಮ್ಮ ಕರಾವಳಿಯಲ್ಲಿ ಸಂಘಗಳಿಗೆ ಎಂದೂ ಬರವಿಲ್ಲ. ಮಂಗಳೂರಿನಲ್ಲಿ ಕಥೊಲಿಕ್ ಉದ್ಯಮಿಗಳ ‘ರಚನಾ’ ಸಂಸ್ಥೆ ಇದೆ. ಕೃಷಿಕ, ಉದ್ಯಮಿ, ವೃತ್ತಿಪರ, ಅನಿವಾಸಿ, ಮಹಿಳೆ ಎಂದು ಆರಿಸಿ ಪ್ರಶಸ್ತಿ ನೀಡುವ ಅದರ ಸಮಾರಂಭದ ವರದಿಯನ್ನು ನಮ್ಮ ಓದುಗರು ಓದಿಯೇ ಇರುತ್ತಾರೆ. ಅದನ್ನು ನೋಡಿ ಇತರ ಊರುಗಳಲ್ಲೂ ವ್ಯಾಪಾರಿ ಬಳಗಗಳು ಹುಟ್ಟಿವೆ. ಇವುಗಳ ವಾರ್ಷಿಕೋತ್ಸವದ ಸ್ವರೂಪ ಬಹುಮಟ್ಟಿಗೆ ಒಂದೇ. ದೀಪ ಬೆಳಗುವುದು, ವರದಿ ವಾಚನ, ಸನ್ಮಾನ, ವಿದ್ಯಾರ್ಥಿವೇತನ, ಆಹಾರ ಮೇಳ, ಕೊನೆಗೆ ಸ್ವಂತ ಕಟ್ಟಡದ ಪ್ರಸ್ತಾಪ. ಆಶೀರ್ವಚನಕ್ಕೆಂದು ವೇದಿಕೆಯಲ್ಲಿ ಕುಳಿತು ನಾವೂ ಇವನ್ನು ಅನೇಕ ಬಾರಿ ಕೇಳಿದ್ದೇವೆ, ಊಟವನ್ನೂ ಮಾಡಿದ್ದೇವೆ. ತಪ್ಪೆಂದು ಹೇಳುತ್ತಿಲ್ಲ. 1912ರಲ್ಲಿ ಮಂಗಳೂರು ಕಥೊಲಿಕ್ ಸಹಕಾರಿ ಬ್ಯಾಂಕನ್ನು ಕಟ್ಟಿದವರೂ ಹೀಗೆ ಒಂದೆಡೆ ಸೇರಿದವರೇ.

ಆದರೆ ಬೆಳವಣಿಗೆಯ ಯೋಜನೆ ಎಂದ ಕೂಡಲೇ ಸದಸ್ಯರ ಸಂಖ್ಯೆ ಹೆಚ್ಚಬೇಕು, ಸರಕು ಹೆಚ್ಚಬೇಕು, ಶಾಖೆ ಹೆಚ್ಚಬೇಕು ಎಂದೇ ಭಾವಿಸುವ ನಮಗೆ ರಾಜ್ಯದ ಇನ್ನೊಂದು ಅಂಚಿನ ಪಾಲಾರ್ ಬೇರೆಯೇ ಪಾಠ ಹೇಳುತ್ತದೆ.

ಪಾಲಾರ್ ಎಲ್ಲಿದೆ ಎಂದು ಕರಾವಳಿಯವರು ಕೇಳುವುದು ಸಹಜ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆ ಅಲ್ಲಿಗೇ ನಿಲ್ಲುವುದಿಲ್ಲ. ಬೆಟ್ಟದ ಆಚೆ ತಿರುವುಗಳಲ್ಲಿ ಇಳಿದು ತಮಿಳುನಾಡಿನ ಮೆಟ್ಟೂರಿನತ್ತ ಸಾಗುತ್ತದೆ. ಆ ಇಳಿಜಾರಿನ ಬುಡದಲ್ಲಿ, ಪಾಲಾರ್ ಹಳ್ಳ ಕಾವೇರಿಯನ್ನು ಸೇರುವ ಸೀಮೆಯಲ್ಲಿ, ಒಂದು ತಪಾಸಣಾ ಠಾಣೆ, ಒಂದು ಸೇತುವೆ ಹಾಗೂ ಸೋಲಿಗರ ಪೋಡು. ಸೇತುವೆಯ ಆಚೆ ತಮಿಳುನಾಡು. 1956ರವರೆಗೆ ಕೊಳ್ಳೇಗಾಲ ಸೀಮೆಯೆಲ್ಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಇಲ್ಲಿನವರ ಸಂತೆ, ನೆಂಟಸ್ತಿಕೆ, ಕೂಲಿ ಎಲ್ಲವೂ ಇಂದಿಗೂ ಎರಡೂ ಕಡೆ ಹರಡಿಕೊಂಡಿವೆ. ಹತ್ತಿರದ ಮಾರ್ಟಳ್ಳಿ, ಸಂದನಪಾಳ್ಯಗಳಲ್ಲಿ ತಮಿಳು ಮಾತನಾಡುವ ಕಥೊಲಿಕರು ಬಹುಸಂಖ್ಯೆಯಲ್ಲಿದ್ದಾರೆ. ಅವರು ಮೈಸೂರು ಧರ್ಮಪ್ರಾಂತ್ಯದವರು.

ಇಂತಹ ಊರಿನಲ್ಲಿ ವ್ಯಾಪಾರವು ಗಡಿಯ ಮರ್ಜಿಗೆ ಒಳಪಟ್ಟಿದೆ. ಕಾವೇರಿ ವಿವಾದ ಬಿಸಿಯಾದಾಗ ಬಸ್ಸು ನಿಲ್ಲುತ್ತದೆ. 2023ರ ಫೆಬ್ರವರಿಯಲ್ಲಿ ಅರಣ್ಯ ಸಿಬ್ಬಂದಿಯ ಗುಂಡಿನ ಪ್ರಕರಣದ ಬಳಿಕ ತಮಿಳುನಾಡಿನ ಒಬ್ಬರ ಶವ ನದಿಯಲ್ಲಿ ಸಿಕ್ಕಿದಾಗಲೂ ಗಡಿಯಲ್ಲಿ ಸಂಚಾರ ಸ್ಥಗಿತಗೊಂಡಿತ್ತು. ಅದಕ್ಕೂ ಹಿಂದಿನ ನೆನಪು ಇನ್ನೂ ಕಹಿ. 1993ರ ಏಪ್ರಿಲ್ 9, ಶುಭ ಶುಕ್ರವಾರದಂದು ಪಾಲಾರ್ ಬಳಿ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಮುಂದೆ ವಿಶೇಷ ಕಾರ್ಯಪಡೆಯ ಕೈಗೆ ಸಿಕ್ಕ ಹಳ್ಳಿಗರ ಕಥೆಯೂ ಸಣ್ಣದಲ್ಲ. ನ್ಯಾಯಮೂರ್ತಿ ಸದಾಶಿವ ಸಮಿತಿಯ ವಿಚಾರಣೆಯ ನಂತರ, 2007ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಪರಿಹಾರ ನೀಡಲು ಸೂಚಿಸಿತು. ಕಾಡಿಗೆ ಹೋದರೆ ಒಂದು ಕಡೆಯವರ ಅನುಮಾನ, ಹೋಗದಿದ್ದರೆ ಹಸಿವು ಎಂಬಂತಿದ್ದ ಆ ವರ್ಷಗಳಲ್ಲಿ ನಾಲ್ಕು ಮಂದಿ ಕೂಡಿ ಸಂಘ ಕಟ್ಟುವ ಮಾತು ದೂರವೇ ಉಳಿಯಿತು.

ಹಾಗೆಂದು ಸೋಲಿಗರಿಗೆ ಸಂಘವೇ ಇರಲಿಲ್ಲವೆಂದಲ್ಲ. 1971ರ ಬಾವಾ ಸಮಿತಿಯ ಶಿಫಾರಸಿನಂತೆ ದೇಶದ ಬುಡಕಟ್ಟು ಪ್ರದೇಶಗಳಲ್ಲಿ ‘ಲ್ಯಾಂಪ್ಸ್’ ಎಂಬ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘಗಳು ಬಂದವು. ಕೊಳ್ಳೇಗಾಲದಲ್ಲಿ ಒಂದು, ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದು, ಚಾಮರಾಜನಗರದಲ್ಲಿ ಒಂದು. ನಮ್ಮ ಸುಳ್ಯ, ಬೆಳ್ತಂಗಡಿ, ಪುತ್ತೂರುಗಳಲ್ಲೂ ಇದೇ ಹೆಸರಿನ ಸಂಘಗಳಿವೆ. ಬೋರ್ಡು ನೋಡಿಯೂ ನಮ್ಮಲ್ಲಿ ಅನೇಕರು ಅದು ದೀಪದ ಅಂಗಡಿಯೋ ಎಂದು ತಿಳಿದಿರುವುದುಂಟು! ಉದ್ದೇಶ ಒಳ್ಳೆಯದೇ. ಗುತ್ತಿಗೆದಾರನ ಹಿಡಿತದಿಂದ ಬಿಡಿಸಿ, ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಮರದ ಪಾಚಿ ಮುಂತಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಘವೇ ಕೊಳ್ಳಬೇಕು, ಲಾಭ ಸದಸ್ಯರಿಗೆ ಸಲ್ಲಬೇಕು ಎಂಬುದು.

ನಡೆದದ್ದು ಅರ್ಧ ಮಾತ್ರ. ಸಂಘ ಟೆಂಡರು ಕರೆಯುತ್ತದೆ, ಪೇಟೆಯ ವ್ಯಾಪಾರಿ ಸಗಟಾಗಿ ಎತ್ತಿಕೊಳ್ಳುತ್ತಾನೆ, ಕಾಡಿನಿಂದ ಹೊತ್ತು ತಂದವನಿಗೆ ಕಿಲೋಗೆ ಇಂತಿಷ್ಟು ಎಂಬ ಸಂಗ್ರಹಣಾ ದರ ಸಿಗುತ್ತದೆ. ಕಡತದಲ್ಲಿ ಸದಸ್ಯ, ತಕ್ಕಡಿಯ ಮುಂದೆ ಕೂಲಿಯವ. ಲೆಕ್ಕ ಬರೆಯುವವರು, ಬೆಲೆ ಕಟ್ಟುವವರು, ಮೊಹರು ಒತ್ತುವವರು ಪೋಡಿನ ಹೊರಗಿನವರಾದರೆ ಸಂಘದ ಹೆಸರಿನಲ್ಲಿರುವ ‘ಸಹಕಾರ’ಕ್ಕೆ ಏನು ಅರ್ಥ?

ಇದನ್ನು ಸರಿಪಡಿಸುವ ಗಂಭೀರ ಪ್ರಯತ್ನವೊಂದು ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆಯಿತು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಶ್ರಯದಲ್ಲಿ, 1990ರ ದಶಕದ ಮಧ್ಯಭಾಗದಿಂದ, ಜೇನು ಶುದ್ಧೀಕರಿಸಿ ಸೀಸೆಗೆ ತುಂಬುವ, ನೆಲ್ಲಿಕಾಯಿ ಉಪ್ಪಿನಕಾಯಿ ಮಾಡುವ ಘಟಕಗಳು ಆರಂಭವಾದವು. ಹಸಿ ಸರಕನ್ನು ಹಾಗೆಯೇ ಮಾರದೆ ಅಲ್ಲಿಯೇ ಸಂಸ್ಕರಿಸಿ ಮಾರಿದರೆ ಹೆಚ್ಚು ಹಣ, ಹೆಚ್ಚು ಹಣ ಬಂದರೆ ಕಾಡನ್ನು ಕಾಯುವ ಮನಸ್ಸು ಎಂಬ ತರ್ಕ. ವಿಜ್ಞಾನಿಗಳು ಸೋಲಿಗರ ಜತೆ ಕುಳಿತು ಎಷ್ಟು ನೆಲ್ಲಿ ಕೀಳಬಹುದು, ಎಷ್ಟು ಮರದಲ್ಲೇ ಬಿಡಬೇಕು ಎಂದು ಲೆಕ್ಕ ಹಾಕಿದರು. ಯಾವ ವಾಣಿಜ್ಯ ಸಂಸ್ಥೆಯೂ ಹೆಮ್ಮೆ ಪಡಬಹುದಾದ ಯೋಜನೆ ಅದಾಗಿತ್ತು.

ಅದನ್ನು ನಿಲ್ಲಿಸಿದ್ದು ನಷ್ಟವಲ್ಲ, ಕಾನೂನು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯನ್ನು ಆಧರಿಸಿ, 2004ರ ಹೊತ್ತಿಗೆ, ಅಭಯಾರಣ್ಯದೊಳಗಿಂದ ಮಾರಾಟಕ್ಕಾಗಿ ಏನನ್ನೂ ತರಕೂಡದು ಎಂದಾಯಿತು. ಘಟಕವಿತ್ತು, ತರಬೇತಿ ಪಡೆದವರಿದ್ದರು, ಕೊಳ್ಳುವವರಿದ್ದರು, ಸರಕು ಮಾತ್ರ ಬರುವಂತಿರಲಿಲ್ಲ. ಈ ಒಂದು ಘಟನೆಯನ್ನು ಸಮಾಜ ಸೇವೆಯಲ್ಲಿರುವ ನಮ್ಮ ಕಾರ್ಯಕರ್ತರು ಚೆನ್ನಾಗಿ ಗಮನಿಸಬೇಕು. ಹಕ್ಕುಪತ್ರವಿಲ್ಲದ ಕಡೆ ಕಟ್ಟಿದ ಉದ್ಯಮ ಬಾಡಿಗೆ ಮನೆಯಲ್ಲಿ ತೋಡಿದ ಬಾವಿಯಂತೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಸೋಲಿಗ ಅಭಿವೃದ್ಧಿ ಸಂಘದ ಹೋರಾಟದಿಂದ ಪರಿಸ್ಥಿತಿ ಬದಲಾಯಿತು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಬುಡಕಟ್ಟು ಜನರಿಗೆ ಇಂತಹ ಮಾನ್ಯತೆ ದೊರೆತದ್ದು ದೇಶದಲ್ಲೇ ದೊಡ್ಡ ಸುದ್ದಿಯಾಯಿತು. ಕಿರು ಅರಣ್ಯ ಉತ್ಪನ್ನದ ಒಡೆತನ, ಸಂಗ್ರಹ, ಮಾರಾಟ ಮೂರೂ ಹಕ್ಕುಗಳೆಂದು ಕಾಯ್ದೆಯೇ ಹೇಳುತ್ತದೆ. ಪಾಲಾರ್ ಇರುವ ಮಲೆ ಮಹದೇಶ್ವರ ಅರಣ್ಯವು ಅಭಯಾರಣ್ಯವಾದದ್ದು ತಡವಾಗಿ, 2013ರಲ್ಲಿ, 900 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದಲ್ಲಿ. ಅದನ್ನೂ ಹುಲಿ ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವ ಹಲವು ವರ್ಷಗಳಿಂದ ಕೇಳಿಬಂದಿದೆ. ಹಕ್ಕು ಮೊದಲೋ ಘೋಷಣೆ ಮೊದಲೋ ಎಂಬ ಪ್ರಶ್ನೆಗೆ ಉತ್ತರ ಪೋಡಿನವರ ದುಡಿಮೆಯನ್ನೇ ನಿರ್ಧರಿಸುತ್ತದೆ.

ಇನ್ನೊಂದು ವಿಷಯ ಕಾಡಿನದ್ದೇ. ಹಕ್ಕು ಕೈಗೆ ಬಂದಾಗ ನೆಲ್ಲಿಮರಗಳು ಸೊರಗಿದ್ದವು. ಸೋಲಿಗರು ‘ಉಪ್ಪಿಲು’ ಎನ್ನುವ ಬಂದಳಿಕೆ ಕೊಂಬೆ ಕೊಂಬೆಗೆ ಹತ್ತಿ ಮರದ ರಸ ಹೀರುತ್ತಿತ್ತು. ಕೆಳಗೆ ನೆಲ ಕಾಣದಂತೆ ಲಂಟಾನ. ಹಿಂದೆ ಬೇಸಿಗೆಯ ಆರಂಭದಲ್ಲಿ ಸೋಲಿಗರು ಹಾಕುತ್ತಿದ್ದ ‘ತರಗು ಬೆಂಕಿ’ ಒಣ ಎಲೆಯನ್ನಷ್ಟೇ ಸುಟ್ಟು, ಲಂಟಾನದ ಸಸಿಗಳನ್ನೂ ಬಂದಳಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತು, ಬೆಂಕಿ ನಿಷೇಧಿಸಿದ ಮೇಲೆಯೇ ಎರಡೂ ಮಿತಿಮೀರಿದವು ಎಂಬುದು ಹಿರಿಯ ಸೋಲಿಗರ ವಾದ. ಈ ವಾದವನ್ನು ಸಂಶೋಧಕರೂ ದಾಖಲಿಸಿದ್ದಾರೆ. ಲಂಟಾನ ಒಣಗಿ ನಿಂತ ಕಾಡಿಗೆ ಈಗ ಬೆಂಕಿ ಬಿದ್ದರೆ ಮರದ ತುದಿಗೇ ಏರುವುದರಿಂದ ಹಳೆಯ ಪದ್ಧತಿಯನ್ನು ಹಾಗೆಯೇ ಮತ್ತೆ ತರುವುದು ಸುಲಭವಲ್ಲವೆಂದು ನಮಗೂ ತೋರುತ್ತದೆ. ಆದರೂ ಮಳಿಗೆಯ ದಾಸ್ತಾನನ್ನು ಮಾಲೀಕನಿಗಿಂತ ಚೆನ್ನಾಗಿ ಬಲ್ಲವರಾರು? ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರುಜೇನು ಎಂದು ಜೇನಿನಲ್ಲೇ ನಾಲ್ಕು ಬಗೆ ಗುರುತಿಸಿ, ತೆಗೆಯುವಾಗ ಒಂದು ಪಾಲನ್ನು ಹುಳುವಿಗೇ ಬಿಟ್ಟುಬರುವ ಜನ ಅವರು.

ಹೀಗಾಗಿಯೇ ಲಂಟಾನದ ಕರಕುಶಲ ನಮಗೆ ಮುಖ್ಯವೆನಿಸುತ್ತದೆ. ಮಲೆ ಮಹದೇಶ್ವರ ಬೆಟ್ಟದ ಹಳ್ಳಿಗಳಲ್ಲಿ ‘ಏಟ್ರಿ’ ಎಂಬ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ಸೋಲಿಗರಿಗೂ ಇತರ ಬಡ ಕುಟುಂಬಗಳಿಗೂ ಈ ಕೆಲಸ ಕಲಿಸತೊಡಗಿತು. ಕೋಲುಗಳನ್ನು ಕಡಿದು ತಂದು, ದೊಡ್ಡ ಹಂಡೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಾಗಿಸಿ, ಬೆತ್ತದಂತೆ ಹೆಣೆದು ಕುರ್ಚಿ, ಮೇಜು, ಬುಟ್ಟಿ ಮಾಡುತ್ತಾರೆ. ಗೆದ್ದಲು ಹಿಡಿಯದು. ಕಾಡಿನಿಂದ ಎಷ್ಟು ತೆಗೆದರೂ ಕಾಡಿಗೇ ಲಾಭವಾಗುವ ಸರಕು ಇದೊಂದೇ ಇರಬೇಕು! ಇತ್ತೀಚಿನ ವರ್ಷಗಳಲ್ಲಿ ಸೋಲಿಗರೂ ಸೇರಿದಂತೆ ಬುಡಕಟ್ಟು ಕುಶಲಕರ್ಮಿಗಳು ಹೆಣೆದ ಆಳೆತ್ತರ ಮೀರಿದ ಲಂಟಾನ ಆನೆಗಳನ್ನು ಬೆಂಗಳೂರಿನ ಜನ ನೋಡಿ ಬೆರಗಾದರು.

ಆನೆ ಸುದ್ದಿಯಾಗುತ್ತದೆ, ಆದರೆ ವರ್ಷವಿಡೀ ಮನೆ ನಡೆಸುವುದು ಬುಟ್ಟಿ. ಕುರ್ಚಿಯನ್ನು ಬೆಟ್ಟದಿಂದ ಬೆಂಗಳೂರಿಗೆ ಸಾಗಿಸುವ ಲಾರಿ ಬಾಡಿಗೆ ಯಾರು ಕೊಡಬೇಕು, ಮೇಳ ಮುಗಿದ ಮೇಲೆ ಮುಂದಿನ ಬೇಡಿಕೆ ಎಂದು, ಅಲ್ಲಿಯವರೆಗೆ ಹಣ ಯಾರದು? ಪೋಡಿನ ಸಂಘ ಎದುರಿಸಬೇಕಾದ ನಿಜವಾದ ‘ಬೆಳವಣಿಗೆ’ಯ ಪ್ರಶ್ನೆಗಳು ಇವು. ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ವನ್‌ ಧನ್ ಯೋಜನೆಯಲ್ಲಿ ಸುಮಾರು 300 ಸಂಗ್ರಾಹಕರ ಒಂದು ಕೇಂದ್ರಕ್ಕೆ 15 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶವಿತ್ತು. ಯಂತ್ರಕ್ಕೆ, ತರಬೇತಿಗೆ ಅದು ಸಾಲಬಹುದು. ದುಡಿಯುವ ಬಂಡವಾಳ, ಅಂದರೆ ಸರಕು ಮಾರಾಟವಾಗುವ ಮೊದಲೇ ತಂದವನ ಕೈಗೆ ಕೊಡಬೇಕಾದ ಹಣ, ಬೇರೆಯೇ ಮಾತು. ಅದು ಇಲ್ಲದಿದ್ದರೆ ಮುಂಗಡ ಕೊಡುವ ವ್ಯಾಪಾರಿಯೇ ಗೆಲ್ಲುತ್ತಾನೆ.

ಹತ್ತಿರದಲ್ಲೇ ದೊಡ್ಡ ಮಾರುಕಟ್ಟೆ ಇಲ್ಲವೆಂದಲ್ಲ. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಬರುವ ಜನಸಾಗರವನ್ನು ನೋಡಿದವರೇ ಬಲ್ಲರು. ಕನಕಪುರದ ಕಡೆಯಿಂದ ಕಾವೇರಿ ದಾಟಿ ನಡೆದೇ ಬರುವವರಿದ್ದಾರೆ. ಕ್ಷೇತ್ರಕ್ಕೆ ಅಭಿವೃದ್ಧಿ ಪ್ರಾಧಿಕಾರವಿದೆ, 108 ಅಡಿ ಎತ್ತರದ ಪ್ರತಿಮೆ 2023ರಲ್ಲಿ ಲೋಕಾರ್ಪಣೆಯಾಯಿತು, 2025ರ ಏಪ್ರಿಲ್‌ನಲ್ಲಿ ರಾಜ್ಯ ಸಚಿವ ಸಂಪುಟವೇ ಬೆಟ್ಟದಲ್ಲಿ ಸಭೆ ಸೇರಿತು. ನಮ್ಮ ಅತ್ತೂರು ಜಾತ್ರೆಯ ಸಾಲು ಅಂಗಡಿಗಳನ್ನು ನೆನೆದರೆ ಇಷ್ಟು ಜನ ಸೇರುವಲ್ಲಿ ಎಷ್ಟು ವಹಿವಾಟು ಸಾಧ್ಯವೆಂದು ಊಹಿಸಬಹುದು. ಪ್ರಸಾದದ ಬುಟ್ಟಿ ಲಂಟಾನದ್ದಾಗಲಿ, ಜೇನಿನ ಮಳಿಗೆ ಸೋಲಿಗರ ಸಂಘಕ್ಕೇ ಮೀಸಲಾಗಲಿ ಎಂದು ಪ್ರಾಧಿಕಾರ ತೀರ್ಮಾನಿಸಿದರೆ ಲಾರಿ ಬಾಡಿಗೆಯ ಚಿಂತೆಯೇ ಇಲ್ಲ.

ಆದರೆ ಪ್ರತಿಮೆಯ ನೆರಳಿನಲ್ಲೇ ಇರುವ ಹಳ್ಳಿಗಳ ಸ್ಥಿತಿ ಏನು? 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ ಇಂಡಿಗನತ್ತ ಗ್ರಾಮದಲ್ಲಿ ಮತಗಟ್ಟೆ ಧ್ವಂಸವಾಯಿತು. ರಸ್ತೆ, ನೀರು, ವಿದ್ಯುತ್ ಇಲ್ಲವೆಂಬ ಸಿಟ್ಟು ಮತದಾನ ಬಹಿಷ್ಕಾರದಿಂದ ಆರಂಭವಾಗಿ ಹಿಂಸೆಗೆ ತಿರುಗಿತ್ತು. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಕಳೇಬರ ತಿಂದು ಸತ್ತವು. ಹಸು ಕಳೆದುಕೊಂಡವರ ಸೇಡು ಅದು. ಮುಂದಿನ ತಿಂಗಳಲ್ಲೇ ಕಾಡಿನಲ್ಲಿ ದನ ಮೇಯಿಸುವುದರ ಮೇಲೆ ನಿರ್ಬಂಧದ ಆದೇಶ ಬಂತು. ಕೊಂದ ಕೃತ್ಯಕ್ಕೆ ಸಮರ್ಥನೆ ಇಲ್ಲ. ಆದರೆ ದನವೂ ಇಲ್ಲ, ಕಾಡಿನ ಉತ್ಪನ್ನವೂ ಇಲ್ಲ ಎಂದಾದ ಮನೆಯವರು ಮೆಟ್ಟೂರು, ತಿರುಪ್ಪೂರಿನ ಬಸ್ಸು ಹತ್ತುತ್ತಾರೆ. ಮಾರ್ಟಳ್ಳಿ ಸೀಮೆಯ ನಮ್ಮ ವಿಶ್ವಾಸಿಗಳ ಮನೆಗಳಿಗೂ ಈ ಗುಳೆ ಹೊಸದಲ್ಲ.

ಧರ್ಮಸಭೆ ಆ ಭಾಗದಲ್ಲಿ ಕೈಕಟ್ಟಿ ಕುಳಿತಿಲ್ಲ. ಕಾಮಗೆರೆಯ ಹೋಲಿ ಕ್ರಾಸ್ ಭಗಿನಿಯರ ಆಸ್ಪತ್ರೆ ಸುತ್ತಲಿನವರಿಗೆಲ್ಲ ಪರಿಚಿತ. ಮೈಸೂರು ಧರ್ಮಪ್ರಾಂತ್ಯದ ಒ.ಡಿ.ಪಿ. ಸಂಸ್ಥೆ ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟಿದೆ. ವಾರಕ್ಕೊಮ್ಮೆ ಕೂಡಿ, ತಮ್ಮ ಪುಸ್ತಕವನ್ನು ತಾವೇ ಬರೆದು, ತಮ್ಮ ಸಾಲವನ್ನು ತಾವೇ ತೀರ್ಮಾನಿಸುವ ಮಹಿಳೆಯರ ಗುಂಪಿಗೆ ದೊಡ್ಡ ಸಂಘದ ಕಚೇರಿಯಲ್ಲಿ ಕಾಣದ ಒಂದು ಧೈರ್ಯ ಬರುತ್ತದೆ. ಅರಣ್ಯ ಹಕ್ಕಿನ ಅರ್ಜಿ, ಗ್ರಾಮಸಭೆಯ ನಡಾವಳಿ, ತಕ್ಕಡಿಯ ಲೆಕ್ಕ ಇವನ್ನೂ ಅದೇ ಗುಂಪುಗಳು ಕೈಗೆತ್ತಿಕೊಳ್ಳುವಂತಾದರೆ ಹೊರಗಿನ ಕಾರ್ಯದರ್ಶಿಗಾಗಿ ಕಾಯಬೇಕಿಲ್ಲ.

ಇನ್ನು ನಮ್ಮ ಕರಾವಳಿಯ ಮಾತು. ಬುಟ್ಟಿ ಹೆಣೆಯುವ ಕೊರಗರು ನಮ್ಮ ಧರ್ಮಕೇಂದ್ರಗಳ ಸರಹದ್ದಿನಲ್ಲೇ ಇದ್ದಾರೆ. ಪ್ಲಾಸ್ಟಿಕ್ ಬಂದ ಮೇಲೆ ಅವರ ಬುಟ್ಟಿ ಕೇಳುವವರು ಕಡಿಮೆಯಾದರು, ಕಾಡಿನ ಬಳ್ಳಿ ತರಲೂ ಅಡ್ಡಿ. ಮೊಂತಿ ಫೆಸ್ತಿಗೆ ಮಕ್ಕಳು ಹೂವು ತರುವ ಬುಟ್ಟಿ ಎಲ್ಲಿಯದು, ಇಗರ್ಜಿಯ ಹಬ್ಬದ ಸಂತರ್ಪಣೆಗೆ ಅನ್ನ ಬಸಿಯುವ ಕುಕ್ಕೆ ಎಲ್ಲಿಯದು ಎಂದು ವಾಳೆಯ ಗುರಿಕಾರರು ಒಮ್ಮೆ ವಿಚಾರಿಸಲಿ. ಉದ್ಯಮಿ ಬಳಗಗಳಿಗೆ ನಮ್ಮ ಸೂಚನೆ ಇನ್ನೂ ಸರಳ. ಸಮಾರಂಭದಲ್ಲಿ ಬುಡಕಟ್ಟು ಜನರನ್ನು ಕರೆಸಿ ಗೊರುಕನ ಕುಣಿಸಿ, ಶಾಲು ಹೊದಿಸಿ ಕಳುಹಿಸುವುದಕ್ಕಿಂತ, ಸನ್ಮಾನಿತರಿಗೆ ಕೊಡುವ ಹಣ್ಣಿನ ಬುಟ್ಟಿಯನ್ನೂ ಜೇನಿನ ಸೀಸೆಯನ್ನೂ ಅವರ ಸಂಘದಿಂದಲೇ ಕೊಳ್ಳಬಹುದು. ಬೇಡಿಕೆಯನ್ನು ಆರು ತಿಂಗಳ ಮೊದಲೇ ತಿಳಿಸಿ, ಅರ್ಧ ಹಣವನ್ನು ಮುಂಗಡವಾಗಿ ಕಳುಹಿಸಬೇಕು. ಹೆಜ್ಜೇನು ಇಳಿಸುವುದು ಬೇಸಿಗೆಯಲ್ಲಿ, ನೆಲ್ಲಿ ಕೀಳುವುದು ಚಳಿಗಾಲದಲ್ಲಿ. ಡಿಸೆಂಬರಿನ ಸಮಾರಂಭಕ್ಕೆ ನವೆಂಬರಿನಲ್ಲಿ ಫೋನು ಮಾಡಿದರೆ ಸಿಗುವುದು ಪೇಟೆಯ ಜೇನೇ.