ರಾಜ್‌ಕುಮಾರರ ಹಾಡು ಯಾರದು?

ಹಾಡುಗಾರಿಕೆಯ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗುವುದು ಸುಖದ ಕೆಲಸವಲ್ಲ. ಬಹುಮಾನ ಬಂದವನು ಅದು ತನ್ನ ಯೋಗ್ಯತೆಯೆಂದು ತಿಳಿಯುತ್ತಾನೆ; ಬಾರದವನು ಅದು ತೀರ್ಪುಗಾರನ ಅಯೋಗ್ಯತೆಯೆಂದು ತಿಳಿಯುತ್ತಾನೆ. ಆದರೆ ಕನ್ನಡ ಪಾಠ ಹೇಳುವವನಿಗೆ ಸಂಗೀತವೂ ತಿಳಿದೇ ಇರಬೇಕೆಂಬುದು ನಮ್ಮ ಸೀಮೆಯ ಜನರ ದೃಢವಾದ ನಂಬಿಕೆ. ಈ ನಂಬಿಕೆಗೆ ಕಟ್ಟುಬಿದ್ದು ಕಳೆದ ಏಪ್ರಿಲ್‌ನಲ್ಲಿ ನಾನು ಚಾಮರಾಜನಗರದಲ್ಲಿ ಬಸ್ಸು ಹತ್ತಿ, ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗಬೇಕಾಯಿತು.

ಏಪ್ರಿಲ್ 24 ರಾಜ್‌ಕುಮಾರರು ಹುಟ್ಟಿದ ದಿನ. ಅವರು ನಮಗೆ ಬರಿಯ ಬೆಳ್ಳಿತೆರೆಯ ನಟರಲ್ಲ, ನೆರೆಯವರು. ಗಾಜನೂರು ಇರುವುದು ಚಾಮರಾಜನಗರದ ಆಚೆ, ತಾಳವಾಡಿಯ ಬಳಿ. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಕೊಳ್ಳೇಗಾಲ ಇತ್ತ ಬಂದಿತು, ತಾಳವಾಡಿ ಅತ್ತ ಉಳಿಯಿತು. ಗಡಿಯ ಗೆರೆ ಎಲ್ಲಿಯೇ ಹಾಯ್ದಿರಲಿ, ಮುತ್ತುರಾಜ ನಮ್ಮೂರ ಹುಡುಗನೆಂಬ ಅಭಿಮಾನವನ್ನು ಯಾವ ಗೆರೆಯೂ ತುಂಡರಿಸಿಲ್ಲ. ಆದುದರಿಂದ ಆ ದಿನ ಸಭಾಂಗಣ ಕಿಕ್ಕಿರಿದು ತುಂಬಿದ್ದಿತು. ಸ್ಪರ್ಧೆಯ ನಿಯಮ ಒಂದೇ ಒಂದು: ರಾಜ್‌ಕುಮಾರರು ಹಾಡಿದ ಅತ್ಯುತ್ತಮ ಗೀತೆಗಳಲ್ಲಿ ಒಂದನ್ನು ಹಾಡತಕ್ಕದ್ದು.

ಏಳೆಂಟು ಮಂದಿ ಹಾಡಿದ ಮೇಲೆ ಸಣ್ಣಗಾತ್ರದ ಹುಡುಗನೊಬ್ಬ ಬಂದು, ‘ಕಸ್ತೂರಿ ನಿವಾಸ’ದ ಆ ಬೊಂಬೆಯ ಹಾಡನ್ನು ಎತ್ತಿಕೊಂಡನು. ಸಭೆ ಉಸಿರು ಬಿಗಿಹಿಡಿದು ಕೇಳಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ನಾನು ಮಾತ್ರ ಲೇಖನಿ ಹಿಡಿದು ಅವನ ಹೆಸರಿನ ಮುಂದೆ ಸೊನ್ನೆ ಬರೆದೆನು. 1971ರ ಆ ಚಿತ್ರದಲ್ಲಿ ತುಟಿಯಾಡಿಸಿದವರು ರಾಜ್‌ಕುಮಾರರು, ಹಾಡಿದವರು ಪಿ.ಬಿ. ಶ್ರೀನಿವಾಸರು. ನಿಯಮವೆಂದರೆ ನಿಯಮವಷ್ಟೆ! ಕಾರಣವನ್ನು ಪ್ರಕಟಿಸಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಹುಡುಗ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಹಿಂದಿನ ಸಾಲಿಗೆ ಹೋಗಿ ಕುಳಿತನು.

ಹಿಂತಿರುಗುವ ಬಸ್ಸಿನಲ್ಲಿ, ಸಭೆಯಲ್ಲಿಯೇ ಇದ್ದ ಮುದುಕರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಕೊರಳಲ್ಲಿ ರುದ್ರಾಕ್ಷಿ, ಚೀಲದಿಂದ ಕಂಸಾಳೆಯ ಹುರಿಯ ಕುಚ್ಚು ಇಣುಕುತ್ತಿತ್ತು.

“ಆ ಹುಡ್ಗನ್ಗ ಯಾಕ ಬಹುಮಾನ ಕೊಡ್ನಿಲ್ಲ ಮೇಷ್ಟ್ರೇ?” ಎಂದರು.

“ಅದು ರಾಜ್‌ಕುಮಾರರು ಹಾಡಿದ್ದಲ್ಲ ಯಜಮಾನರೇ, ಶ್ರೀನಿವಾಸರು ಹಾಡಿದ್ದು” ಎಂದೆನು.

“ಅದು ನನ್ಗೂ ಗೊತ್ತು ಕನ ಮೇಷ್ಟ್ರೇ. ನಾವು ಮಾದಪ್ಪನ ಕತೆ ಮಾಡುವಾಗ ಮುಂದ್ಲವ ಒಬ್ಬ ಯೋಳ್ತನ, ಹಿಂದ್ಲವ್ರು ಸೊಲ್ಲು ಕೊಡ್ತರ. ಸೊಲ್ಲು ಕೊಟ್ಟವನ್ಗ ಊಟ ಹಾಕ್ದೆ ಕಳಿಸ್ತರಾ?”

ತೆರಕಣಾಂಬಿಯಲ್ಲಿ ಅವರು ಇಳಿದುಹೋದರು. ಆ ಪ್ರಶ್ನೆ ಮಾತ್ರ ಚಾಮರಾಜನಗರದವರೆಗೂ ಟಿಕೇಟಿಲ್ಲದೆ ನನ್ನೊಡನೆ ಬಂದಿತು.

ಯೋಚಿಸಿ ನೋಡಿದರೆ ಇಲ್ಲಿ ಒಂದು ವಿಚಿತ್ರವಿದೆ. ರಾಜ್‌ಕುಮಾರರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು; ಮಗ ಬೆಳೆದದ್ದೂ ರಂಗದ ಮೇಲೆಯೇ. ಕಂಪನಿ ನಾಟಕದಲ್ಲಿ ಹಾಡಲು ಬಾರದವನಿಗೆ ಪಾತ್ರವಿಲ್ಲ. ಧ್ವನಿವರ್ಧಕದ ನೆರವಿಲ್ಲದೆ ಹಿಂದಿನ ಸಾಲಿನವನಿಗೂ ಅಕ್ಷರ ಅಕ್ಷರವಾಗಿ ಕೇಳಿಸುವಂತೆ ಹಾಡಬೇಕಾಗಿತ್ತು. ಅಂತಹ ಗರಡಿಯಲ್ಲಿ ಪಳಗಿದ ಕೊರಳು 1954ರಲ್ಲಿ ‘ಬೇಡರ ಕಣ್ಣಪ್ಪ’ನ ನಾಯಕನಾದ ಕೂಡಲೇ ಮೌನ ತಾಳಬೇಕಾಯಿತು. ಚಲನಚಿತ್ರದಲ್ಲಿ ಹಾಡನ್ನು ಮೊದಲು ಬೇರೆಯಾಗಿ ಧ್ವನಿಮುದ್ರಿಸಿಕೊಂಡು, ಬಳಿಕ ನಟನು ಅದಕ್ಕೆ ತುಟಿಗೂಡಿಸುವುದು ಪದ್ಧತಿ. ಕಣ್ಣಪ್ಪನಿಗೆ ಹಾಡಿದವರು ತಮಿಳುನಾಡಿನ ಸಿ.ಎಸ್. ಜಯರಾಮನ್. 1956ರ ‘ಓಹಿಲೇಶ್ವರ’ದಲ್ಲಿ ರಾಜ್‌ಕುಮಾರರು ಒಂದು ಹಾಡು ಹಾಡಿದರು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಒಂದು ಯುಗಳಗೀತೆ. ಅಲ್ಲಿಂದ ಮುಂದೆ ಒಂದೂವರೆ ದಶಕದಷ್ಟು ಕಾಲ ಅವರ ಮುಖಕ್ಕೆ ಕಂಠವಾದವರು, 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ ತೆಲುಗರಾದ ಶ್ರೀನಿವಾಸರು.

ಆ ಹೊಂದಾಣಿಕೆ ಎಂತಹುದೆಂದರೆ, 1960ರ ‘ಭಕ್ತ ಕನಕದಾಸ’ದಲ್ಲಿ ಗುಡಿಯ ಹೊರಗೆ ನಿಂತು ಮೊರೆಯಿಡುವ ಕನಕನನ್ನು ನೋಡಿದವರಿಗೆ, ಆ ದನಿ ಇನ್ನೊಬ್ಬರದೆಂಬ ನೆನಪೇ ಬರುವುದಿಲ್ಲ. ಶ್ರೀನಿವಾಸರು ತಮ್ಮ ಕಂಠವನ್ನು ಮೆರೆಸಲಿಲ್ಲ; ಕನಕನಿಗೆ ಧಾರೆಯೆರೆದುಕೊಟ್ಟರು. ಹಿನ್ನೆಲೆಗಾಯಕನ ಗೆಲುವೂ ಸೋಲೂ ಇದೇ. ಚೆನ್ನಾಗಿ ಹಾಡಿದಷ್ಟೂ ಅವನು ಮರೆಯಾಗುತ್ತಾನೆ.

1974ರಲ್ಲಿ ಕಾಲಚಕ್ರ ತಿರುಗಿತು. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಎಮ್ಮೆಯ ಬೆನ್ನೇರಿ ಹಾಡುವ ಹಾಡೊಂದಿದೆ. ಶ್ರೀನಿವಾಸರಿಗೆ ದೇಹಸ್ಥಿತಿ ಸರಿಯಿರಲಿಲ್ಲವೆಂದೂ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರು ರಾಜ್‌ಕುಮಾರರನ್ನೇ ಒತ್ತಾಯಿಸಿ ಹಾಡಿಸಿದರೆಂದೂ ಹೇಳುತ್ತಾರೆ. ನಟನಿಗೆ ಆಗ ನಲವತ್ತೈದು ವರ್ಷ. ಸಾಮಾನ್ಯರು ಹಾಡುವುದನ್ನು ಬಿಡುವ ವಯಸ್ಸಿನಲ್ಲಿ ಅವರು ಆರಂಭಿಸಿದರು. ಎರಡು ದಶಕಗಳಿಂದ ಕಟ್ಟೆಯ ಹಿಂದೆ ನಿಂತಿದ್ದ ನೀರಿಗೆ ತೂಬು ತೆರೆದಂತಾಯಿತು! ಆದರೆ ಅದೇ 1974ರಲ್ಲಿ ಬಂದ ‘ಎರಡು ಕನಸು’ ಚಿತ್ರದಲ್ಲಿ, ರಾಜನ್-ನಾಗೇಂದ್ರರ ಆ ಮಧುರವಾದ ಪ್ರೇಮಗೀತೆಗಳನ್ನು ರಾಜ್‌ಕುಮಾರರಿಗಾಗಿ ಹಾಡಿದವರು ಶ್ರೀನಿವಾಸರೇ. ಒಂದೇ ವರ್ಷ, ಒಂದೇ ಮುಖ, ಎರಡು ಕಂಠ. ಆ ವರ್ಷದ ‘ಅತ್ಯುತ್ತಮ’ವನ್ನು ಆರಿಸುವವನು ಯಾವುದನ್ನು ಬಿಟ್ಟಾನು?

ಇದಕ್ಕಿಂತಲೂ ಸೊಗಸಾದ ಪ್ರಸಂಗ 1977ರ ‘ಬಭ್ರುವಾಹನ’ದ್ದು. ಅಲ್ಲಿ ಅರ್ಜುನನೂ ರಾಜ್‌ಕುಮಾರರೇ, ಬಭ್ರುವಾಹನನೂ ಅವರೇ. ತಂದೆ ಮಗ ಎದುರುಬದುರಾಗಿ ಮೂದಲಿಸುವ ಆ ಹಾಡಿನಲ್ಲಿ ಒಬ್ಬನಿಗೆ ಶ್ರೀನಿವಾಸರ ಕಂಠ, ಇನ್ನೊಬ್ಬನಿಗೆ ರಾಜ್‌ಕುಮಾರರದು. ಹಳೆಯ ದನಿಯೂ ಹೊಸ ದನಿಯೂ ಒಂದೇ ಮುಖದಿಂದ ಹೊರಟು, ಒಂದಕ್ಕೊಂದು ಬಾಗದೆ ನಿಲ್ಲುವುದನ್ನು ಕೇಳಿಯೇ ಸವಿಯಬೇಕು. ಆ ಹಾಡಿನ ವೇಗದಲ್ಲಿಯೂ ಒಂದು ಮಹಾಪ್ರಾಣ ಜಾರುವುದಿಲ್ಲ, ಒಂದು ಳಕಾರ ಲಕಾರವಾಗುವುದಿಲ್ಲ. ಶಾಲೆಯಲ್ಲಿ ಹೆಚ್ಚು ಓದದ ಗಾಜನೂರಿನವರು ಒಬ್ಬರು, ಮನೆಮಾತು ತೆಲುಗಾದವರು ಇನ್ನೊಬ್ಬರು! ಶಕಾರ ಷಕಾರಗಳ ಭೇದವನ್ನು ವರ್ಷವಿಡೀ ಹೇಳಿಯೂ ಕಲಿಸಲಾರದ ನನ್ನಂತಹ ಎಂ.ಎ. ಪದವೀಧರರು, ಆ ಹಾಡನ್ನು ತರಗತಿಯಲ್ಲಿ ಕೇಳಿಸಿ ಸುಮ್ಮನೆ ಕುಳಿತುಕೊಳ್ಳುವುದು ಮೇಲು.

ಮುಂದೆ ರಾಜ್‌ಕುಮಾರರ ಗಾಯನ ನಟನೆಗೆ ಸರಿಸಮನಾಗಿ ಬೆಳೆಯಿತು. 1982ರ ‘ಹೊಸ ಬೆಳಕು’, 1983ರ ‘ಕವಿರತ್ನ ಕಾಳಿದಾಸ’, ರಾಘವೇಂದ್ರಸ್ವಾಮಿಗಳನ್ನು ಕುರಿತ ಭಕ್ತಿಗೀತೆಗಳು ಮನೆಮನೆಯನ್ನೂ ಹೊಕ್ಕವು. 1992ರ ‘ಜೀವನ ಚೈತ್ರ’ದ ಗಾಯನಕ್ಕಾಗಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಅತ್ಯುತ್ತಮ ಹಿನ್ನೆಲೆಗಾಯಕನೆಂಬ ರಾಷ್ಟ್ರಪ್ರಶಸ್ತಿ ಅವರಿಗೆ ಬಂದಿತು.

ಇಷ್ಟೆಲ್ಲವನ್ನೂ ಮನಸ್ಸಿನಲ್ಲಿ ತಿರುವಿಹಾಕಿದ ಮೇಲೆ ನನ್ನ ತಪ್ಪು ನನಗೆ ಹೊಳೆಯಿತು. ರಾಜ್‌ಕುಮಾರರ ಶ್ರೇಷ್ಠಗೀತೆಗಳೆಂದು ಮಾರುವ ಸಂಗ್ರಹಗಳಲ್ಲಿ, ಜಾತ್ರೆಯ ಧ್ವನಿವರ್ಧಕಗಳಲ್ಲಿ ಎರಡು ಕಂಠಗಳೂ ಬೆರೆತೇ ಬರುತ್ತವೆ. ಜನ ಎಲ್ಲವನ್ನೂ ‘ಅಣ್ಣಾವ್ರ ಹಾಡು’ ಎಂದೇ ಕರೆಯುತ್ತಾರೆ. ಅದರಲ್ಲಿ ಪ್ರೀತಿಯಿದೆ, ಆದರೆ ಶ್ರೀನಿವಾಸರ ಹೆಸರು ಆ ಪ್ರೀತಿಯಲ್ಲಿ ಕರಗಿಹೋಗುತ್ತದೆ. ನಾನಾದರೋ ಆ ಹೆಸರನ್ನು ಎತ್ತಿ ಹೇಳಿದೆನು, ಆದರೆ ಯಾತಕ್ಕಾಗಿ? ಅವರ ಹಾಡನ್ನು ಪಂಕ್ತಿಯಿಂದ ಎಬ್ಬಿಸಿ ಕಳುಹಿಸುವುದಕ್ಕಾಗಿ! ಜನರು ಮರೆತು ಮಾಡಿದ ಅನ್ಯಾಯವನ್ನು ನಾನು ತಿಳಿದೂ ತಿಳಿದೂ ಮಾಡಿದಂತಾಯಿತು. ಜೊತೆಗೆ ಒಬ್ಬ ಹುಡುಗನನ್ನು ನೋಯಿಸಿದೆನು.

ವ್ಯವಸ್ಥಾಪಕರಿಗೆ ಕಾಗದ ಬರೆದು ತಪ್ಪೊಪ್ಪಿಕೊಂಡಿದ್ದೇನೆ. ಆ ಹುಡುಗನಿಗೆಂದು ಒಂದು ಪುಸ್ತಕವನ್ನೂ ಕಳುಹಿಸಿದ್ದೇನೆ. ಮುಂದಿನ ವರ್ಷಕ್ಕೆ ಒಂದು ನಿಯಮವನ್ನೂ ಸೂಚಿಸಿದ್ದೇನೆ: ಹಾಡುವವನು ಯಾವ ಹಾಡನ್ನಾದರೂ ಹಾಡಲಿ, ಆದರೆ ಮೊದಲು ಸಾಹಿತ್ಯ ಯಾರದು, ಸಂಗೀತ ಯಾರದು, ಕಂಠ ಯಾರದು ಎಂಬುದನ್ನು ಸಭೆಗೆ ತಿಳಿಸತಕ್ಕದ್ದು. ರಾಜ್‌ಕುಮಾರರು ಕಣ್ಮರೆಯಾದದ್ದು 2006ರ ಏಪ್ರಿಲ್ 12ರಂದು. ಶ್ರೀನಿವಾಸರು 2013ರ ಏಪ್ರಿಲ್ 14ರಂದು. ಏಪ್ರಿಲ್‌ನಲ್ಲಿ ಒಬ್ಬರನ್ನು ನೆನೆಯುವಾಗ ಇನ್ನೊಬ್ಬರನ್ನೂ ನೆನೆಯಲು ಪಂಚಾಂಗವೇ ಅನುಕೂಲ ಮಾಡಿಕೊಟ್ಟಿದೆ.

ಸೂಚನೆಗೆ ಒಪ್ಪಿಗೆ ಬಂದಿದೆ. ತೀರ್ಪುಗಾರನಾಗಿ ಮತ್ತೆ ಬರಬೇಕೆಂಬ ಆಹ್ವಾನ ಮಾತ್ರ ಇನ್ನೂ ಬಂದಿಲ್ಲ.